ಮಾತು ಯಾರದು?

ಕಾದಂಬರಿಯಲ್ಲಿ ಕಳ್ಳನೊಬ್ಬನು ಕಳವನ್ನು ಹೊಗಳಿದರೆ ಕಾದಂಬರಿಕಾರನನ್ನು ಸೆರೆಗೆ ಕಳುಹಿಸಬೇಕೆ? ಹೀಗೆ ಕೇಳಿದಾಗ ಪ್ರಶ್ನೆಯು ಹಾಸ್ಯಾಸ್ಪದವಾಗಿ ತೋರುವುದು. ಆದರೆ ಗ್ರಂಥಗಳ ಮೇಲೆ ಆಗಾಗ ಏಳುವ ಕೂಗುಗಳನ್ನು ಪರಿಶೀಲಿಸಿದರೆ, ಮಾತು ಯಾರದೆಂದು ವಿಚಾರಿಸದೆಯೇ ಅವುಗಳಲ್ಲಿ ಅನೇಕವು ಹುಟ್ಟಿದವೆಂಬುದು ವಿದಿತವಾಗುವುದು.

1857ರ ಜನವರಿ 29ರಂದು ಪ್ಯಾರಿಸಿನ ನ್ಯಾಯಸ್ಥಾನದಲ್ಲಿ ಗುಸ್ತಾವ್ ಫ್ಲೋಬೇರನು ಆಪಾದಿತನಾಗಿ ನಿಂತನು. ‘ಮದಾಮ್ ಬೊವಾರಿ’ ಎಂಬ ಅವನ ಕಾದಂಬರಿಯು ಹಿಂದಿನ ವರ್ಷ ಪತ್ರಿಕೆಯೊಂದರಲ್ಲಿ ಕಂತುಕಂತಾಗಿ ಪ್ರಕಟವಾಗಿತ್ತು. ಅದು ಸಾರ್ವಜನಿಕ ನೀತಿಗೂ ಧರ್ಮಕ್ಕೂ ಧಕ್ಕೆ ತಂದಿತೆಂಬುದು ಆರೋಪ. ವ್ಯಭಿಚಾರದ ಬಳಿಕ ನಾಯಕಿ ಎಮ್ಮಾ ಕನ್ನಡಿಯ ಮುಂದೆ ಹಿಗ್ಗುವ ಭಾಗವನ್ನು ಸರ್ಕಾರಿ ವಕೀಲ ಎರ್ನೆಸ್ತ್ ಪಿನಾರನು ಎತ್ತಿ ತೋರಿಸಿ, ಇದು ಪಾಪದ ವೈಭವೀಕರಣವೆಂದು ವಾದಿಸಿದನು. ಈಕೆಯನ್ನು ಖಂಡಿಸಬಲ್ಲ ಒಂದು ಪಾತ್ರವೂ ಗ್ರಂಥದಲ್ಲಿಲ್ಲವೆಂಬುದು ಅವನ ಇನ್ನೊಂದು ದೂರು. ಫೆಬ್ರವರಿ 7ರಂದು ನ್ಯಾಯಸ್ಥಾನವು ಗ್ರಂಥಕ್ಕೆ ಕಟುವಾದ ಛೀಮಾರಿ ಹಾಕಿಯೂ ಕರ್ತೃ, ಪ್ರಕಾಶಕ, ಮುದ್ರಕ ಮೂವರನ್ನೂ ಬಿಡುಗಡೆ ಮಾಡಿತು.

ಪಿನಾರನು ಮೂಢನಾಗಿರಲಿಲ್ಲ, ಅಪರಿಚಿತವಾದ ಕಥನರೀತಿಯೊಂದರ ಮುಂದೆ ಎಡವಿದನು. ನಮ್ಮ ಭಾಷೆಯಲ್ಲಿ ಇದನ್ನು ತಿಳಿಯುವುದು ಸುಲಭ. ‘ನಾಳೆ ಸಾಲವೆಲ್ಲ ತೀರುವುದು ಎಂದು ರಾಮಣ್ಣನು ಭಾವಿಸಿದನು’ ಎಂದು ಬರೆದರೆ, ಆ ನಂಬಿಕೆಯು ರಾಮಣ್ಣನದೆಂಬುದಕ್ಕೆ ‘ಎಂದು’ ಎಂಬ ಪುಟ್ಟ ಪದವೇ ಸಾಕ್ಷಿ. ‘ರಾಮಣ್ಣನು ಕಿಟಕಿಯ ಬಳಿ ನಿಂತನು. ನಾಳೆ ಸಾಲವೆಲ್ಲ ತೀರುವುದು’ ಎಂದು ಬರೆದರೆ ಆ ಸಾಕ್ಷಿಯು ಮಾಯವಾಯಿತು. ನಿರೂಪಕನ ವಾಕ್ಯದೊಳಗೆ ರಾಮಣ್ಣನ ಮನಸ್ಸು ನುಸುಳಿತು. ಸಾಲ ತೀರುವುದೆಂದು ಗ್ರಂಥಕರ್ತನೇ ಭರವಸೆ ಕೊಟ್ಟನೆಂದು ಅವಸರದ ವಾಚಕನು ಭ್ರಮಿಸಿದರೆ ತಪ್ಪು ವಾಚಕನದೇ. ಫ್ಲೋಬೇರನ ಕಥನರೀತಿಯ ಮರ್ಮವು ಇದೇ. ಎಮ್ಮಾಳ ಹಿಗ್ಗು ಎಮ್ಮಾಳದು. ಅವಳು ಸಾಲದಲ್ಲಿ ಮುಳುಗಿ ವಿಷ ಸೇವಿಸಿ ಸಾಯುವಂತೆ ಕಥೆಯನ್ನು ನಡೆಸಿದವನು ಕರ್ತೃ.

ಇದು ಸಂದ ಕಾಲದ ವೃತ್ತಾಂತವೆಂದು ಯಾರೂ ಸಮಾಧಾನಪಡುವಂತಿಲ್ಲ. 2018ರಲ್ಲಿ ಎಸ್. ಹರೀಶರ ‘ಮೀಶ’ ಎಂಬ ಮಲಯಾಳ ಕಾದಂಬರಿಯಲ್ಲಿ, ದೇವಸ್ಥಾನಕ್ಕೆ ಹೋಗುವ ಸ್ತ್ರೀಯರನ್ನು ಕುರಿತು ಒಂದು ಪಾತ್ರವು ಆಡಿದ ಹೀನವಾದ ಮಾತು ದೊಡ್ಡ ಗದ್ದಲಕ್ಕೆ ಕಾರಣವಾಯಿತು. ಬೆದರಿಕೆಗಳ ದೆಸೆಯಿಂದ ಕರ್ತೃವು ಜುಲೈ ತಿಂಗಳಲ್ಲಿ ಧಾರಾವಾಹಿಯನ್ನು ವಾರಪತ್ರಿಕೆಯಿಂದ ಹಿಂದಕ್ಕೆ ಪಡೆದರು. ನಿಷೇಧವನ್ನು ಬೇಡಿದ ಅರ್ಜಿಯನ್ನು ಸುಪ್ರೀಂ ಕೋರ್ಟು ಸೆಪ್ಟೆಂಬರ್ 5ರಂದು ತಳ್ಳಿಹಾಕಿ, ಗ್ರಂಥವನ್ನು ತುಂಡು ತುಂಡಾಗಿಯಲ್ಲದೆ ಸಮಗ್ರವಾಗಿ ಓದಬೇಕೆಂಬ ತತ್ತ್ವವನ್ನು ಎತ್ತಿಹಿಡಿಯಿತು. ನ್ಯಾಯವು ದೊರೆಯಿತು, ದಿಟ. ಆದರೆ ಧಾರಾವಾಹಿಯು ಅದಕ್ಕೆ ಮೊದಲೇ ನಿಂತುಹೋಗಿತ್ತು.

ಪಾತ್ರದ ಮರೆಯಲ್ಲಿ ನಿಂತು ಕರ್ತೃವು ತನ್ನ ದ್ವೇಷವನ್ನೇ ಕಾರಬಹುದಲ್ಲವೇ ಎಂದು ಕೇಳುವವರುಂಟು. ಕೇಳತಕ್ಕ ಮಾತೇ ಅದು. ಕಥನತಂತ್ರವು ಯಾರಿಗೂ ರಹದಾರಿಯಾಗದು. ಆದರೆ ಒಂದು ವಾಕ್ಯವನ್ನು ಕಿತ್ತು ತಂದು ಅದನ್ನು ನಿರ್ಣಯಿಸಲಾಗದು. ಆಡಿದವನು ಯಾರು, ಕೇಳಿದವನು ಏನು ಮಾಡಿದನು, ಕಥೆಯು ಅವರಿಬ್ಬರನ್ನೂ ಎಲ್ಲಿಗೆ ಒಯ್ದಿತು ಎಂಬುದನ್ನು ನೋಡಿಯೇ ನಿರ್ಣಯಿಸಬೇಕು.

ಕನ್ನಡಿಗರಿಗೆ ಈ ವಿವೇಕವು ಹೊಸದೇನೂ ಅಲ್ಲ. 1968ರಲ್ಲಿ ಬಂದ ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯಲ್ಲಿ ದೇವರುಗಳ ವಿಷಯವಾಗಿ ನಿಷ್ಠುರವಾಗಿ ನುಡಿಯುವವಳು ಅಜ್ಜಿ. ನಮಗೆ ಅದನ್ನು ತಲುಪಿಸುವವನು ಮೊಮ್ಮಗ ಸುಬ್ಬರಾಯ. 1979ರ ‘ಪರ್ವ’ದಲ್ಲಿ ಭೈರಪ್ಪನವರು ಭಾರತದ ಕಥೆಯನ್ನು ಕುಂತಿ, ದ್ರೌಪದಿ, ಭೀಮ ಮೊದಲಾದವರ ಮನಸ್ಸಿನೊಳಗಿಂದ ಕಾಣಿಸಿದರು. ಬಯಲಾಟದಲ್ಲಿ ರಾವಣನು ಅಟ್ಟಹಾಸ ಮಾಡಿದರೆ ಹಳ್ಳಿಯ ಅನಕ್ಷರಸ್ಥನೂ ವೇಷಧಾರಿಯ ಮೇಲೆ ಫಿರ್ಯಾದು ಕೊಡುವುದಿಲ್ಲ.

ಅಷ್ಟು ವಿವೇಕವನ್ನು ನಾವು ಅಕ್ಷರಸ್ಥರಿಂದಲೂ ಅಪೇಕ್ಷಿಸುತ್ತೇವೆ. ಗ್ರಂಥವೊಂದರ ಮೇಲೆ ದೂರು ಬಂದಾಗ ಅಧಿಕಾರಿಗಳು ಮೊದಲು ಎರಡು ಪ್ರಶ್ನೆಗಳನ್ನು ಕೇಳಲಿ: ದೂರುದಾರರು ಗ್ರಂಥವನ್ನು ಪೂರ್ತಿಯಾಗಿ ಓದಿರುವರೆ? ಆಕ್ಷೇಪಿಸಿದ ಮಾತು ಯಾರದು? ಉತ್ತರವು ಬರುವ ತನಕ ಕಡತವು ಮೇಜಿನ ಮೇಲೆಯೇ ಇರಲಿ.