ಮಗ್ಗುಲು ಹೊರಳಿಸಲು ಒಂದು ಮುಯ್ಯಾಳು

ಹೂವಿನ ಹಿಪ್ಪರಗಿಯ ಮತ್ತು ಸುತ್ತಲಿನ ಹಳ್ಳಿಗಳ ಬಂಧುಗಳೆ,

ತೊಗರಿ ಕೊಯ್ಲಿಗೆ ಬಂತೆಂದರೆ ನಮ್ಮ ಕಡೆ ಹಗಲೆಲ್ಲ ಮನೆ ಖಾಲಿ. ಪಡಸಾಲೆಯ ಹೊರಸಿನ ಮೇಲೆ ಲಕ್ವಾ ಹೊಡೆದ ಮುದುಕ, ತಲೆದೆಸೆಗೆ ಒಂದು ತಂಬಿಗೆ ನೀರು, ಮುಂದೆ ಮಾಡಿದ ಬಾಗಿಲು. ಮುಂಜಾನೆ ಬುತ್ತಿ ಕಟ್ಟಿಕೊಂಡು ಹೋದ ಸೊಸೆ ಮರಳುವುದು ಹೊತ್ತು ಮುಳುಗುವಾಗ. ಅಷ್ಟೂ ಹೊತ್ತು ಆತ ಒಂದೇ ಮಗ್ಗುಲಲ್ಲಿ. ಆಕೆಯನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಗಂಡ ಗೋವಾಕ್ಕೋ ಪುಣೆಗೋ ದುಡಿಯಲು ಹೋಗಿದ್ದಾನೆ, ಬಂದ ಬೆಳೆ ಯಾರಿಗೂ ಕಾಯುವುದಿಲ್ಲ. ವಾರ್ಡುಗಳಲ್ಲಿ ದುಡಿದು ನಿವೃತ್ತಳಾದ ನರ್ಸ್ ನಾನು. ನನ್ನ ತಕರಾರು ಆ ಮನೆಯ ಅಕ್ಕಪಕ್ಕದಲ್ಲಿರುವ ನಮ್ಮೆಲ್ಲರ ಮೇಲೆ.

ಮೈಭಾರ ಒಂದೇ ಕಡೆ ಬಿದ್ದರೆ ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹರಿಯುವುದಿಲ್ಲ. ತಾನಾಗಿ ಹೊರಳಲಾಗದವರಿಗೆ ಎರಡು ತಾಸಿನಲ್ಲೇ ಹಾಸಿಗೆ ಹುಣ್ಣು ಒಳಗಿಂದ ಶುರುವಾಗಬಹುದು. ಟೊಂಕದ ಕೆಳಗಿನ ಎಲುಬು, ಚಪ್ಪೆ, ಹಿಮ್ಮಡ, ಮೊಣಕೈ, ತಲೆಯ ಹಿಂಭಾಗ, ಇವಿಷ್ಟನ್ನು ದಿನಾ ನೋಡಬೇಕು. ಚರ್ಮ ಕೆಂಪಾಗುತ್ತದೆ ಎಂದು ಪುಸ್ತಕದಲ್ಲಿ ಬರೆದಿರುತ್ತದೆ. ನಮ್ಮ ಕಪ್ಪು ಮೈಮೇಲೆ ಆ ಕೆಂಪು ಎಲ್ಲಿ ಕಾಣಬೇಕು? ಕೈಯಾಡಿಸಿ. ಸುತ್ತಲಿಗಿಂತ ಬಿಸಿಯಾಗಿ, ಗಟ್ಟಿಯಾಗಿ ಇಲ್ಲವೆ ಮೆತ್ತಗೆ ಹತ್ತಿದರೆ, ಬಣ್ಣ ಇನ್ನಷ್ಟು ಕಂದಿದ್ದರೆ ಆ ಜಾಗದ ಮೇಲೆ ಮತ್ತೆ ಭಾರ ಬೀಳದಂತೆ ನೋಡಿಕೊಳ್ಳಿ. ಅಲ್ಲಿ ಎಣ್ಣೆ ಹಚ್ಚಿ ತಿಕ್ಕಬೇಡಿ. ಮಕ್ಕಳು ಪ್ರೀತಿಯಿಂದಲೇ ತಿಕ್ಕುತ್ತಾರೆ, ಒಳಗೆ ನಲುಗಿದ ಮಾಂಸ ಅದರಿಂದ ಮತ್ತಷ್ಟು ಹಾಳಾಗುತ್ತದೆ. ನಡುವೆ ತೂತಿರುವ ರಬ್ಬರ್ ಉಂಗುರವೂ ಬೇಡ, ಅದರ ಅಂಚೇ ರಕ್ತ ತಡೆಯುತ್ತದೆ. ಸಾಲ ಮಾಡಿ ಏರ್ ಬೆಡ್ ತಂದವರು ಇನ್ನು ಹೊರಳಿಸುವ ಕೆಲಸ ತಪ್ಪಿತು ಅಂದುಕೊಳ್ಳುತ್ತಾರೆ. ತಪ್ಪುವುದಿಲ್ಲ.

ಹಳೆಯ ಕೌದಿಗಳಿಗೆ ನಮ್ಮಲ್ಲಿ ಬರವಿಲ್ಲವಲ್ಲ! ಒಂದನ್ನು ಉದ್ದಕ್ಕೆ ಸುತ್ತಿ ಬೆನ್ನಿಗೆ ಒತ್ತುಕೊಟ್ಟು ಮೈಯನ್ನು ಓರೆಯಾಗಿ ನಿಲ್ಲಿಸಿ. ಪೂರ್ತಿ ಮಗ್ಗುಲಾದರೆ ಭಾರವೆಲ್ಲ ಚಪ್ಪೆ ಎಲುಬಿನ ಮೇಲೆ ಬೀಳುತ್ತದೆ. ಇನ್ನೊಂದು ಮೊಣಕಾಲುಗಳ ನಡುವೆ. ಮತ್ತೊಂದು ಮೀನಖಂಡದ ಕೆಳಗೆ, ಹಿಮ್ಮಡ ಹಾಸಿಗೆಗೆ ತಾಗದಂತೆ. ಮೇಲಕ್ಕೆ ಸರಿಸುವಾಗ ರಟ್ಟೆ ಹಿಡಿದು ಎಳೆಯಬೇಡಿ. ಬಲ ಹೋದ ಕೈಯ ಹೆಗಲು ಕೀಲು ತಪ್ಪುತ್ತದೆ. ಮೈಕೆಳಗೆ ಮಡಿಚಿದ ಧೋತರ ಹಾಸಿರಬೇಕು. ಇಬ್ಬರು ಎರಡೂ ಕಡೆ ನಿಂತು, ಅಂಚನ್ನು ಮೈಯ ಹತ್ತಿರದವರೆಗೆ ಸುತ್ತಿ ಹಿಡಿದು, ಒಮ್ಮೆಲೇ ಎತ್ತಿ ಸರಿಸಬೇಕು. ತಿಕ್ಕಿಸಿಕೊಂಡು ಎಳೆದರೆ ಚರ್ಮ ಸುಲಿಯುತ್ತದೆ. “ಯಪ್ಪಾ, ಈಗ ಗ್ವಾಡಿ ಕಡೆ ಹೊಳ್ಳಸ್ತೀವಿ” ಎಂದು ಹೇಳಿಯೇ ಕೈಹಚ್ಚಿ. ಮಾತು ನಿಂತವರಿಗೂ ಕಿವಿ ಕೇಳುತ್ತದೆ. ಅಡ್ಡ ಮಲಗಿಸಿಕೊಂಡೇ ಬಾಯಿಗೆ ಹಾಲು, ಗಂಜಿ ಹಾಕುವುದಂತೂ ಇಂದೇ ನಿಲ್ಲಲಿ. ಅದು ಉಸಿರಿನ ದಾರಿ ಹಿಡಿದು ಪುಪ್ಪುಸಕ್ಕೆ ಇಳಿದರೆ ನ್ಯುಮೋನಿಯಾ. ಒರಗಿಸಿ ಕೂಡಿಸಿ ಉಣಿಸಿ, ಉಂಡ ಮೇಲೂ ಅರ್ಧ ತಾಸು ಹಾಗೇ ಕೂತಿರಲಿ.

ಧೋತರದ ಎರಡು ಅಂಚಿಗೆ ಇಬ್ಬರು ಬೇಕು. ಮನೆಯಲ್ಲಿರುವುದು ಒಬ್ಬಳು. ನನ್ನ ಮನವಿ ಇಷ್ಟೇ. ಬಿತ್ತಲಿಕ್ಕೆ, ಕಳೆ ತೆಗೆಯಲಿಕ್ಕೆ ಮುಯ್ಯಾಳು ಹೋಗುವ ನಾವು ಈ ಕೆಲಸಕ್ಕೂ ಮುಯ್ಯಿ ಹಾಕೋಣ. ಓಣಿಯಲ್ಲಿ ಹಗಲು ಮನೆಯಲ್ಲೇ ಇರುವವರು ಯಾರಾದರೂ ಇದ್ದೇ ಇರುತ್ತಾರೆ: ಕಿರಾಣಿ ಅಂಗಡಿಯವರು, ಹೊಲಿಗೆ ಹಾಕುವ ಅಕ್ಕ, ಬಾಣಂತಿಯ ತಾಯಿ, ಕಟ್ಟೆ ಬಿಡದ ನಮ್ಮ ಹಿರಿಯರು. ಎರಡು ತಾಸಿಗೊಮ್ಮೆ ಇಬ್ಬರು ಹೋಗಿ ಬಂದರೆ ಸಾಕು, ಹತ್ತು ನಿಮಿಷದ ಕೆಲಸ. ಕೇರಳದ ಮಲಪ್ಪುರಂ ಕಡೆ ನೆರೆಹೊರೆಯ ಸ್ವಯಂಸೇವಕರೇ ಹಾಸಿಗೆ ಹಿಡಿದವರ ಮನೆಗೆ ಹೋಗುವ ಪದ್ಧತಿ ಬೆಳೆಸಿದರು. 2008ರಲ್ಲಿ ಆ ಸರಕಾರ ಉಪಶಮನ ಆರೈಕೆಗೆ ನೀತಿಯನ್ನೇ ತಂದಿತು. ಮಲಗಿದವರ ಪಟ್ಟಿ ಮಾಡಲು ನಮಗೇನು ಬಾರದೆ? 2023ರ ವಿಧಾನಸಭೆ ಚುನಾವಣೆಯಲ್ಲಿ 80 ದಾಟಿದವರಿಗೆ, ಅಂಗವಿಕಲರಿಗೆ ಮನೆಯಿಂದಲೇ ಮತ ಹಾಕಿಸಿದಾಗ ಯಾವ ಓಣಿಯಲ್ಲಿ ಯಾರು ಮಲಗಿದ್ದಾರೆಂದು ಎಲ್ಲ ಪಕ್ಷದವರಿಗೂ ಬಾಯಿಪಾಠವಾಗಿತ್ತು.

ಹೊರಳಿಸಲು ಹೋದವರು ಸ್ವಲ್ಪ ಹೊತ್ತು ಹೆಚ್ಚು ನಿಲ್ಲಿ. ಮಣಿಕಟ್ಟಿನಲ್ಲಿ, ಹೆಬ್ಬೆರಳ ಬುಡದ ಕಡೆ, ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ. ನಿಮ್ಮ ಹೆಬ್ಬೆರಳಿನಿಂದ ಬೇಡ, ಅದರ ಬಡಿತವೇ ಲೆಕ್ಕಕ್ಕೆ ಸೇರೀತು. ಸುಮ್ಮನೆ ಮಲಗಿದ ದೊಡ್ಡವರಲ್ಲಿ 60ರಿಂದ 100. ಹಿಡಿದ ಕೈ ಬಿಡದೆ ಎದೆಯ ಏರಿಳಿತ ನೋಡುತ್ತ ಉಸಿರು ಎಣಿಸಿ, 12ರಿಂದ 20. ಎಣಿಸುತ್ತೇನೆಂದು ಹೇಳಿದರೆ ಉಸಿರಾಟವೇ ಬದಲಾಗುತ್ತದೆ, ಹೇಳಬೇಡಿ. ಥರ್ಮಾಮೀಟರ್ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಜ್ವರ. ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಕಪಾಟಿನಲ್ಲಿ ಸೆಲ್ ಸೋರಿ ಬಿದ್ದಿರಬಹುದು. ಒರೆಸಿ, ಹೊಸ ಸೆಲ್ ಹಾಕಿ. ಬೆರಳು ತಣ್ಣಗಿದ್ದರೆ ಮೊದಲು ಬೆಚ್ಚಗೆ ಮಾಡಿ. 95ರ ಮೇಲಿದ್ದರೆ ಚಿಂತೆಯಿಲ್ಲ, 90ರ ಕೆಳಗಿಳಿದರೆ ಆಸ್ಪತ್ರೆಯೇ. ಬಿಪಿ ಪಟ್ಟಿಯನ್ನು ಲಕ್ವಾ ಹೊಡೆಯದ ಕೈಗೆ, ತೋಳಂಗಿಯ ಮೇಲಲ್ಲ, ಬರಿಯ ರಟ್ಟೆಗೆ ಕಟ್ಟಿ. ಐದು ನಿಮಿಷ ಮಾತಿಲ್ಲದೆ ಮಲಗಿದ ಮೇಲೆ ನೋಡಿ. ಇವನ್ನೆಲ್ಲ ತಾರೀಖು, ಹೊತ್ತು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. 96 ಇದ್ದ ನಾಡಿ ಒಂದೊಂದು ದಿನವೂ ಏರುತ್ತ 110 ಆಗಿದೆ ಎಂದು ತೋರಿಸಿದರೆ ಡಾಕ್ಟರಿಗೆ ಅರ್ಧ ದಾರಿ ತಿಳಿಯುತ್ತದೆ. “ನಿನ್ನೆಯಿಂದ ಯಾಕೋ ಆರಾಮ ಇಲ್ರಿ” ಎಂದರೆ ಏನು ತಿಳಿಯಬೇಕು?

ಬಾಯಿ ಸೊಟ್ಟಗಾಯಿತು, ಒಂದು ಕೈ ಬಿತ್ತು, ಮಾತು ತೊದಲಿತು ಎಂದರೆ ಹೊರಳಿಸುವುದು, ಬರೆಯುವುದು ಯಾವುದೂ ಬೇಡ, 108ಕ್ಕೆ ಕರೆ ಮಾಡಿ. ಲಕ್ವಾದಲ್ಲಿ ಹೆಪ್ಪು ಕರಗಿಸುವ ಔಷಧಿ ಕೊಡುವುದು ನಾಲ್ಕೂವರೆ ತಾಸಿನೊಳಗೆ, ಅದೂ ತಲೆಯ ಸ್ಕ್ಯಾನ್ ಆದ ಮೇಲೆ. ನಮ್ಮಿಂದ ವಿಜಯಪುರ ಮುಟ್ಟಲಿಕ್ಕೇ ಅದರಲ್ಲಿ ಎಷ್ಟೋ ಹೊತ್ತು ಕಳೆಯುತ್ತದೆ. ನಡುವೆ ನಾಟಿ ಔಷಧಿಯವರ ಊರಿಗೆ ಹೋಗಿಬಂದರೆ ಉಳಿಯುವುದೇನೂ ಇಲ್ಲ.

ಎತ್ತು ಹೂಡದ ಬರುವ ಸೋಮವಾರ ಸಂಜೆ ಓಣಿಯವರು ಕೂತು ಹೆಸರು ಬರೆಯಿರಿ. ಆಶಾ ಕಾರ್ಯಕರ್ತೆಯನ್ನೂ ಕರೆಯಿರಿ, ಆದರೆ ಹೊರಳಿಸುವ ಹೊರೆಯನ್ನು ಆಕೆಯ ತಲೆಗೆ ಕಟ್ಟಬೇಡಿ. ಆಕೆಗಿರುವ ಮನೆಗಳೇ ಸಾಕಷ್ಟಿವೆ. ಕೈಹಿಡಿದು ತೋರಿಸಿಕೊಡಲು ಕರೆದ ಓಣಿಗೆ ನಾನು ಬರುತ್ತೇನೆ. ಒಂದು ಧೋತರ, ಮೂರು ಕೌದಿ ತೆಗೆದಿಟ್ಟಿರಿ. ಗಂಡಸರೂ ಬನ್ನಿ, ಎತ್ತುವ ಕೆಲಸವಿದೆ.