ನೀರಿನ ತಕರಾರಿನಲ್ಲಿ ಡ್ರೋನ್ ಚಿತ್ರ: ಮರೋಳ ಭಾಗದ ರೈತರು ಗಮನಿಸಬೇಕಾದ ಸಂಗತಿಗಳು

ರಾಮಥಾಳ (ಮರೋಳ) ಹನಿ ನೀರಾವರಿ ಯೋಜನೆಯು ನಾರಾಯಣಪುರ ಜಲಾಶಯದ ಹಿನ್ನೀರನ್ನೆತ್ತಿ, ಹುನಗುಂದ ಭಾಗದ ಸುಮಾರು 24,000 ಹೆಕ್ಟೇರ್ ಭೂಮಿಗೆ ಕೊಳವೆಗಳ ಮೂಲಕ ಹರಿಸಲೆಂದು ರೂಪುಗೊಂಡಿತು. ಏಷ್ಯಾದಲ್ಲಿಯೇ ದೊಡ್ಡದೆಂದು ಹೆಸರಾದರೂ ಕೊಳವೆಗಳು ಒಡೆದಿವೆ, ಎಲ್ಲ ಹೊಲಗಳಿಗೂ ನೀರು ಮುಟ್ಟುತ್ತಿಲ್ಲವೆಂಬ ದೂರುಗಳು ಕೇಳಿಬಂದಿವೆ. ಔಷಧ ಸಿಂಪಡಣೆಯಿಂದ ಪರಿಚಿತವಾದ ಡ್ರೋನ್ ಇಂತಹ ತಕರಾರುಗಳಿಗೂ ಸಾಕ್ಷಿ ಒದಗಿಸೀತೇ ಎಂಬುದು ಈಗಿನ ಪ್ರಶ್ನೆ. ಒದಗಿಸಬಲ್ಲದು, ಆದರೆ ತಪ್ಪಾಗಿ ಓದಿದ ಚಿತ್ರವು ದೂರು ಕೊಟ್ಟ ರೈತನಿಗೇ ಮುಳುವಾಗಬಹುದು.

ಎರೆಭೂಮಿಯು ಮಳೆಯ ನೀರನ್ನು ಬಹುಕಾಲ ಹಿಡಿದಿಡುತ್ತದೆ. ಹಿಂಗಾರಿಯ ಕಡಲೆ ಹಾಗೂ ಬಿಳಿಜೋಳ ಈ ತೇವದಲ್ಲಿಯೇ ಬೆಳೆಯುತ್ತವೆ. ಆದ್ದರಿಂದ ನವೆಂಬರ್ ತಿಂಗಳಿನಲ್ಲಿ ತೆಗೆದ ಚಿತ್ರದಲ್ಲಿ ಕೊಳವೆಯ ಹನಿ ನೀರೂ ಕಾಣದ ಹೊಲವು ಹಸಿರಾಗಿಯೇ ತೋರುತ್ತದೆ. "ಹಸಿರಿದೆ, ಅಂದರೆ ನೀರು ಮುಟ್ಟಿದೆ" ಎಂದು ತೀರ್ಮಾನಿಸಿದರೆ ನ್ಯಾಯವಾದ ದೂರು ಅಲ್ಲಿಗೇ ಮುಗಿದಂತೆ. ಫೆಬ್ರುವರಿ–ಮಾರ್ಚ್ ತಿಂಗಳುಗಳಲ್ಲಿ, ಭೂಮಿಯ ತೇವ ಆರಿದ ಬಳಿಕ, ನೀರು ಕಂಡ ಮತ್ತು ಕಾಣದ ಹೊಲಗಳ ವ್ಯತ್ಯಾಸ ಹೆಚ್ಚು ಸ್ಪಷ್ಟವಾಗುತ್ತದೆ. ಬರಿದಾದ ಹೊಲ ಕಂಡರೂ ನೀರಿಲ್ಲವೆಂದೇ ಅರ್ಥವಲ್ಲ; ಬಿತ್ತದಿರಬಹುದು, ಕೊಯ್ಲು ಮುಗಿದಿರಬಹುದು. ಡ್ರೋನ್ "ಎಲ್ಲಿ" ಎಂಬುದನ್ನು ತೋರಿಸುತ್ತದೆ. "ಏಕೆ" ಎಂಬುದನ್ನು ಹೊಲಕ್ಕಿಳಿದೇ ಅರಿಯಬೇಕು.

ಇಷ್ಟು ವಿಸ್ತಾರವನ್ನೆಲ್ಲ ಡ್ರೋನ್‌ನಿಂದ ಸಮೀಕ್ಷಿಸುವುದು ದುಬಾರಿ. ಸೆಂಟಿನೆಲ್–2 ಉಪಗ್ರಹದ 10 ಮೀಟರ್ ಸ್ಪಷ್ಟತೆಯ ಚಿತ್ರಗಳು ಉಚಿತವಾಗಿ ದೊರೆಯುತ್ತವೆ. ತಕರಾರು ಹುಟ್ಟುವ ಮುಂಚಿನ ವರ್ಷಗಳ ಸ್ಥಿತಿಯನ್ನೂ ಅವು ತೋರಿಸುತ್ತವೆ. ಡ್ರೋನ್ ಕಳೆದ ಕಾಲವನ್ನು ತೋರಿಸಲಾರದು. ಆದುದರಿಂದ ಸಂಶಯದ ಭಾಗಗಳನ್ನು ಉಪಗ್ರಹ ಚಿತ್ರದಿಂದ ಗುರುತಿಸಿ, ಒಡೆದ ಕೊಳವೆ, ನಿಂತ ನೀರು, ಬೇಸಿಗೆಯ ಬಿಳಿ ಉಪ್ಪಿನ ಪದರಗಳ ಪರಿಶೀಲನೆಗೆ ಮಾತ್ರ ಡ್ರೋನ್ ಬಳಸುವುದು ಸೂಕ್ತ.

ವಿಸ್ತರಣಾ ಕಾರ್ಯಕರ್ತರು ಈ ಕೆಳಗಿನ ಅಂಶಗಳನ್ನು ಪಾಲಿಸುವುದು ಒಳಿತು:

• 2021ರ ಡ್ರೋನ್ ನಿಯಮಗಳಂತೆ ಡ್ರೋನ್ ನೋಂದಣಿಯಾಗಿರಬೇಕು. ಹಸಿರು ವಲಯದಲ್ಲಿ 400 ಅಡಿ ಎತ್ತರದವರೆಗೆ ಹಾರಾಟಕ್ಕೆ ಪೂರ್ವಾನುಮತಿ ಬೇಕಿಲ್ಲ. ಹಾರಿಸುವ ಮುನ್ನ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ವಲಯವನ್ನು ಪರಿಶೀಲಿಸಿ.
• ಮೇಲ್ಭಾಗದ ಹಾಗೂ ಕೊನೆಯಂಚಿನ ರೈತರಿಬ್ಬರನ್ನೂ, ಸಂಬಂಧಿಸಿದ ಸಿಬ್ಬಂದಿಯನ್ನೂ ಮೊದಲೇ ತಿಳಿಸಿ ಕರೆಯಿರಿ. ಒಬ್ಬರ ಪರವಾಗಿ ಗುಟ್ಟಾಗಿ ತೆಗೆದ ಚಿತ್ರವು ಜಗಳವನ್ನು ಬೆಳೆಸೀತೇ ಹೊರತು ಬಗೆಹರಿಸದು.
• ಅದೇ ದಿನ ಹೊಲದಲ್ಲಿ ಬೆಳೆ, ಬಿತ್ತನೆಯ ದಿನಾಂಕ, ಮಣ್ಣಿನ ತೇವ ಹಾಗೂ ಕವಾಟದ ಸ್ಥಿತಿಯನ್ನು ಬರೆದುಕೊಂಡು ಹಾಜರಿದ್ದವರ ಸಹಿ ಪಡೆಯಿರಿ.
• ಮೂಲ ಚಿತ್ರಗಳನ್ನು ಹಾಗೆಯೇ ಕಾಪಾಡಿ. ವಾಟ್ಸಾಪ್‌ನಲ್ಲಿ ಚಿತ್ರವಾಗಿ ಕಳುಹಿಸಿದಾಗ ಸ್ಥಳದ ವಿವರ ಅಳಿಸಿಹೋಗುತ್ತದೆ. ನ್ಯಾಯಾಲಯಕ್ಕೆ ಹೋಗುವುದಾದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರವೂ ಅಗತ್ಯ.
• ಸಾಧಾರಣ ಡ್ರೋನ್ ಚಿತ್ರದಲ್ಲಿ ಸ್ಥಳ ಸೂಚನೆ ಕೆಲವು ಮೀಟರ್ ತಪ್ಪಬಹುದು. ಬದುವಿನ ವ್ಯಾಜ್ಯವನ್ನು ಅದರಿಂದ ತೀರ್ಮಾನಿಸದೆ ಭೂಮಾಪನ ಇಲಾಖೆಗೆ ಬಿಡಿ.

ಆಕಾಶದಿಂದ ತೆಗೆದ ಚಿತ್ರವು ತೀರ್ಪಲ್ಲ, ಒಂದು ಸಾಕ್ಷಿ ಮಾತ್ರ. ಹೊಲದ ಮಣ್ಣು ಮತ್ತು ಎರಡೂ ಕಡೆಯ ರೈತರ ಮಾತು ಅದರೊಡನೆ ಕೂಡಿದಾಗಲೇ ಆ ಸಾಕ್ಷಿಗೆ ಬೆಲೆ.