ಯಂತ್ರಕ್ಕೂ ಒಂದು ಮನೆ ಬೇಡವೇ?

ನಮ್ಮ ವಿದ್ಯಾರ್ಥಿಗಳಲ್ಲಿ ವಿದ್ಯುನ್ಮಾನ ಉಪಕರಣಗಳನ್ನು ಕೈಯಾರೆ ಜೋಡಿಸುವ ಹವ್ಯಾಸವುಳ್ಳವರು ಕೆಲವರಿರುವುದು ಸಂತೋಷದ ಸಂಗತಿ. ನಸುಕಿನಲ್ಲಿ ನಲ್ಲಿಗೆ ನೀರು ಬಂದೊಡನೆ ಕೂಗಿ ಎಬ್ಬಿಸುವ ಗಂಟೆ, ಕತ್ತಲಾದೊಡನೆ ತಾನಾಗಿ ಉರಿಯುವ ದೀಪ, ಅಂಗೈಯಗಲದ ರೇಡಿಯೋ, ಇವೆಲ್ಲ ಅವರ ಕೈಯಲ್ಲಿ ಹುಟ್ಟುತ್ತವೆ. ಆದರೆ ಹುಟ್ಟಿದ ಮೇಲೆ ಅವುಗಳ ಗತಿಯೇನು? ರಟ್ಟಿನ ತುಂಡಿನ ಮೇಲೆ ಹರಡಿದ ತಂತಿಗಳು, ಟೇಪು ಸುತ್ತಿದ ಬ್ಯಾಟರಿ, ಜೋತಾಡುವ ಗುಂಡಿ, ಈ ಅವಸ್ಥೆಯಲ್ಲಿಯೇ ಅವು ಪ್ರದರ್ಶನದ ಮೇಜನ್ನೇರುತ್ತವೆ. ಪ್ರದರ್ಶನ ಮುಗಿದ ಕೆಲವು ದಿನಗಳಲ್ಲಿ ರದ್ದಿಯವನ ಚೀಲವನ್ನು ಸೇರುತ್ತವೆ. ಹುಟ್ಟಿಸಿದ ಬುದ್ಧಿಗೆ ಕೊರತೆಯಿರಲಿಲ್ಲ; ಇರಲು ಮನೆಯೊಂದಿರಲಿಲ್ಲ, ಅಷ್ಟೆ.

ಯಂತ್ರವನ್ನು ಮಾಡುವವನು ಅದಕ್ಕೊಪ್ಪುವ ಅಂದವಾದ ಪೆಟ್ಟಿಗೆಯನ್ನೂ ಮಾಡಬೇಕು; ಪೆಟ್ಟಿಗೆಯಿಲ್ಲದ ಯಂತ್ರವು ಅರ್ಧ ಮಾಡಿದ ಕೆಲಸವೇ ಸರಿ. ಇದು ನಮ್ಮ ಅಭಿಪ್ರಾಯ.

'ಒಳಗಿನ ತಿರುಳು ಮುಖ್ಯ. ಹೊರಗೆ ತಳುಕು, ಒಳಗೆ ಹುಳುಕು ಎಂಬಂತಾಗಬಾರದು' ಎಂದು ಕೆಲವರು ಆಕ್ಷೇಪಿಸುವುದುಂಟು. ತಿರುಳು ಮುಖ್ಯವೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ತೆಂಗಿನಕಾಯಿಯ ತಿರುಳನ್ನು ಕಾಪಾಡುವುದು ಅದರ ಕರಟವಲ್ಲವೇ? ಸಮುದ್ರದ ತೇವವೂ ಮಳೆಗಾಲದ ಜಿನುಗೂ ಧೂಳೂ ಸೇರಿದ ಈ ಊರಿನಲ್ಲಿ ತೆರೆದಿಟ್ಟ ಬೆಸುಗೆಗಳು ಬೇಗನೆ ಕಿಲುಬು ಹಿಡಿಯುತ್ತವೆ. ಮನೆಯ ವಿದ್ಯುತ್ತಿನ ಒತ್ತಡ 230 ವೋಲ್ಟ್. ಅದರ ಬರಿಯ ತಂತಿಯನ್ನು ಮುಟ್ಟಿದ ಕೂಸಿನ ಪ್ರಾಣಕ್ಕೇ ಅಪಾಯ. ಇನ್ನು ಚಾಳಿನ ಒಂದೇ ಖೋಲಿಯಲ್ಲಿ ಐದಾರು ಮಂದಿ ಬಾಳುವ ಮನೆಗಳಲ್ಲಿ ಪ್ರತಿಯೊಂದು ವಸ್ತುವೂ ತನ್ನ ಸ್ಥಳವನ್ನು ಗಳಿಸಿಕೊಳ್ಳಬೇಕಾಗುತ್ತದೆ. ತಂತಿಗಳ ಗಂಟನ್ನು ತಾಯಿ ಗುಡಿಸಿ ಒತ್ತಟ್ಟಿಗಿಟ್ಟರೆ ಅದು ಆಕೆಯ ತಪ್ಪಲ್ಲ. ಅದೇ ಗಂಟು ಚೊಕ್ಕವಾದ ಪೆಟ್ಟಿಗೆಯೊಳಗೆ ಕುಳಿತರೆ ಗಡಿಯಾರದ ಪಕ್ಕದಲ್ಲಿ ಆಕೆಯೇ ಅದಕ್ಕೆ ಎಡೆಮಾಡಿಕೊಡುತ್ತಾಳೆ.

ಹೊರರೂಪದ ಬೆಲೆಯನ್ನು ದೊಡ್ಡ ತಯಾರಕರೂ ಬಲ್ಲರು. 1934ರಲ್ಲಿ ಇಂಗ್ಲೆಂಡಿನ ಎಕ್ಕೋ ಕಂಪೆನಿಯು ವೆಲ್ಸ್ ಕೋಟ್ಸ್ ಎಂಬ ವಾಸ್ತುಶಿಲ್ಪಿ ರೂಪಿಸಿದ, ಬೇಕಲೈಟಿನ ದುಂಡನೆಯ ರೇಡಿಯೋವನ್ನು ಹೊರತಂದಿತು. ರೇಡಿಯೋ ಎಂದರೆ ಮರದ ಬೀರುವಿನಂತೆಯೇ ಇರಬೇಕೆಂಬ ಭಾವನೆಯನ್ನು ಅದು ಅಲುಗಿಸಿತು. 1956ರಲ್ಲಿ ಜರ್ಮನಿಯ ಬ್ರೌನ್ ಕಂಪೆನಿಯು ರೇಡಿಯೋ ಮತ್ತು ಗ್ರಾಮಫೋನುಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು, ಮೇಲೆ ಪಾರದರ್ಶಕವಾದ ಮುಚ್ಚಳವನ್ನು ಹೊದಿಸಿತು. 1976ರಲ್ಲಿ ಮಾರಾಟಕ್ಕೆ ಬಂದ ಆಪಲ್ ಕಂಪೆನಿಯ ಮೊದಲ ಗಣಕಕ್ಕಂತೂ ಪೆಟ್ಟಿಗೆಯೇ ಇರಲಿಲ್ಲ. ಬರಿಯ ಹಲಗೆಯನ್ನು ಕೊಂಡವರಲ್ಲಿ ಕೆಲವರು ತಾವೇ ಮರದ ಪೆಟ್ಟಿಗೆಗಳನ್ನು ಮಾಡಿಕೊಂಡರು. ಮರುವರ್ಷ ಅದೇ ಕಂಪೆನಿಯ ಎರಡನೆಯ ಗಣಕವು ಪ್ಲಾಸ್ಟಿಕ್ಕಿನ ಅಚ್ಚುಕಟ್ಟಾದ ಕವಚವನ್ನು ತೊಟ್ಟು ಬಂದು ಸಾಮಾನ್ಯರ ಮನೆಗಳನ್ನು ಹೊಕ್ಕಿತು.

ಗ್ರಾಂಟ್ ರೋಡ್ ನಿಲ್ದಾಣದ ಸಮೀಪದ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸಿದ್ಧ ಪೆಟ್ಟಿಗೆಗಳು ದೊರೆಯುತ್ತವೆ. ಮೂರು ಆಯಾಮದ ಮುದ್ರಣಯಂತ್ರದಿಂದ ಬೇಕಾದ ಆಕಾರವನ್ನು ತೆಗೆಸಿಕೊಳ್ಳುವುದೂ ಈಗ ಸಾಧ್ಯ. ಕೊಳ್ಳುವುದನ್ನು ನಾವು ದೂಷಿಸುವುದಿಲ್ಲ. ಆದರೆ ಕೊಳ್ಳುವ ಮೊದಲು ಮನೆಯೊಳಗೊಮ್ಮೆ ಕಣ್ಣಾಡಿಸಬಾರದೇಕೆ? ಸಾಬೂನಿನ ಡಬ್ಬಿಯು ಪುಟ್ಟ ಗಂಟೆಗೆ ಹೇಳಿ ಮಾಡಿಸಿದಂತಿರುತ್ತದೆ. ಬಿಸ್ಕತ್ತಿನ ತಗಡಿನ ಡಬ್ಬಿ, ಹಳೆಯ ಟಿಫಿನ್ ಡಬ್ಬಿ, ಕಳಚಿಟ್ಟ ಸ್ವಿಚ್ಚುಬೋರ್ಡಿನ ಮರದ ಚೌಕಟ್ಟು, ಉಜ್ಜಿ ನಯಗೊಳಿಸಿದ ಕರಟ, ಇವುಗಳಲ್ಲಿ ಒಂದೊಂದೂ ಒಂದೊಂದು ಯಂತ್ರಕ್ಕೆ ಒಪ್ಪುತ್ತದೆ. ಆದರೆ ಚೆನ್ನಾಗಿ ಹಾಡುತ್ತಿರುವ ಅಜ್ಜನ ಕಾಲದ ರೇಡಿಯೋದ ಕರುಳನ್ನು ಕಿತ್ತು ಅದರ ಗೂಡನ್ನು ಬಳಸುವುದು ಮಾತ್ರ ಸಲ್ಲದು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯು ಇಲ್ಲಿಯೂ ಸಲ್ಲುತ್ತದೆ. ಪೆಟ್ಟಿಗೆಯನ್ನು ಕಡೆಗೆ ಹುಡುಕಬಾರದು. ಮೊದಲೇ ಗೊತ್ತುಮಾಡಿಕೊಂಡು ಒಳಗಿನ ಹಲಗೆಯನ್ನು ಅದಕ್ಕೆ ಹೊಂದಿಸಬೇಕು. ಇಂದು ಹಲವರು ಬಳಸುವ ಆರ್ಡುಯಿನೋ ಊನೋ ಹಲಗೆಯ ಅಳತೆ ಸುಮಾರು 69 ಮತ್ತು 53 ಮಿಲಿಮೀಟರು. ಬ್ಯಾಟರಿಗೂ ತಂತಿಗಳ ತಿರುವಿಗೂ ಬೇರೆ ಜಾಗ ಬೇಕೆಂಬುದನ್ನು ಮರೆಯಲಾಗದು. ರಂಧ್ರಗಳನ್ನು ಮೊದಲು ಕಾಗದದ ಮೇಲೆ ಬರೆದು, ಆ ಕಾಗದವನ್ನು ಪೆಟ್ಟಿಗೆಗೆ ಅಂಟಿಸಿ, ಆಮೇಲೆ ಕೊರೆಯತಕ್ಕದ್ದು. ತಗಡಿನ ಡಬ್ಬಿಯಾದರೆ ಹಲಗೆಯ ತಳ ಲೋಹಕ್ಕೆ ತಾಗದಂತೆ ಪ್ಲಾಸ್ಟಿಕ್ಕಿನ ಕಾಲುಗಳನ್ನು ಕೊಡಬೇಕು. ಪೂರ್ತಿಯಾಗಿ ಮುಚ್ಚಿದ ತಗಡು ರೇಡಿಯೋ ಅಲೆಗಳನ್ನು ತಡೆಯುವುದರಿಂದ ರೇಡಿಯೋಕ್ಕೆ ಮರ ಅಥವಾ ಪ್ಲಾಸ್ಟಿಕ್ಕೇ ಲೇಸು. ಬಿಸಿಯೇರುವ ಭಾಗಗಳಿದ್ದರೆ ಕೆಳಗೂ ಮೇಲೂ ಗಾಳಿಗಂಡಿಗಳಿರಲಿ. ಬಿಸಿಗಾಳಿ ಮೇಲಕ್ಕೇರಿ ಹೊರಬೀಳುವಾಗ ಕೆಳಗಿನಿಂದ ತಣ್ಣನೆಯ ಗಾಳಿ ಒಳಬರುತ್ತದೆ. ಮನೆಯ ವಿದ್ಯುತ್ತನ್ನು ಬಳಸುವ ಲೋಹದ ಪೆಟ್ಟಿಗೆಗೆ ಭೂಸಂಪರ್ಕ ಇರಲೇಬೇಕು. ಆ ಕೆಲಸವನ್ನು ಬಲ್ಲವರ ಕೈಗೆ ಒಪ್ಪಿಸಿ, ಕಿರಿಯರು ಬ್ಯಾಟರಿಯಲ್ಲಿಯೇ ತೃಪ್ತರಾಗುವುದು ವಿವೇಕ.

ಅಂದವೆಂದರೆ ಬಣ್ಣದ ಕಾಗದವನ್ನೂ ಚಮಕಿಯನ್ನೂ ಮೆತ್ತುವುದಲ್ಲ. ಒಂದೇ ಸಾಲಿನಲ್ಲಿ ನಿಂತ ಗುಂಡಿಗಳು, ಅರವಿಲ್ಲದ ಅಂಚು, ಒಂದೇ ಅಳತೆಯ ತಿರುಪುಗಳು, ಹೆಚ್ಚೆಂದರೆ ಎರಡು ಬಣ್ಣ, ಇಷ್ಟಿದ್ದರೆ ಸಾಕು. ಪೆಟ್ಟಿಗೆಯನ್ನು ಅಂಟಿನಿಂದ ಮುಚ್ಚದೆ ತಿರುಪಿನಿಂದ ಮುಚ್ಚಬೇಕು. ತೆರೆಯಲಾಗದ ಪೆಟ್ಟಿಗೆಯಲ್ಲಿರುವ ಯಂತ್ರವನ್ನು ರಿಪೇರಿ ಮಾಡುವ ಬಗೆ ಹೇಗೆ? ನಮ್ಮ ನಾಡಿನ ಚನ್ನಪಟ್ಟಣದ ಗೊಂಬೆಗಳನ್ನು ನೋಡಿರಿ. ತಿರುಗುತ್ತಿರುವ ಮರಕ್ಕೆ ಅರಗನ್ನು ಒತ್ತಿ ಹಿಡಿದರೆ, ಉಜ್ಜುವ ಬಿಸಿಗೇ ಅದು ಕರಗಿ ಬಣ್ಣವಾಗಿ ಹತ್ತಿಕೊಳ್ಳುತ್ತದೆ. ಆ ಮೇಲೆ ಗರಿಯಿಂದ ತೀಡಿ ಹೊಳಪು ಕೊಡುತ್ತಾರೆ. ಅಲ್ಲಿ ಅಲಂಕಾರವೆಂಬುದು ಕೆಲಸದ ಅಂಗವೇ ಆಗಿದೆ, ಕಡೆಗೆ ಅಂಟಿಸಿದ್ದಲ್ಲ.

ಕೊನೆಯದಾಗಿ, ನಮಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುವ ಮಾತು. ಪೆಟ್ಟಿಗೆಯ ಮೇಲೆ ಅಕ್ಷರಗಳು ಬೇಕಷ್ಟೆ? ಅವು ಕನ್ನಡ ಅಕ್ಷರಗಳೇ ಏಕಾಗಬಾರದು? ಗುಂಡಿಯ ಬಳಿ 'ಧ್ವನಿ' ಎಂದೂ, ಕೆಂಪು ದೀಪದ ಕೆಳಗೆ 'ನೀರು ಬಂದಿದೆ' ಎಂದೂ ದುಂಡಾಗಿ ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ಈ ಮಹಾನಗರದಲ್ಲಿ ನಮ್ಮ ನುಡಿಗೆ ಮನೆಯ ಮಾತು ಮತ್ತು ಶಾಲೆಯ ಪುಸ್ತಕಗಳನ್ನು ಬಿಟ್ಟರೆ ನೆಲೆಗಳು ಕಡಿಮೆ. ಕನ್ನಡದಲ್ಲಿ ವಿಜ್ಞಾನವನ್ನು ಕಲಿತವರು ತಾವು ಕಟ್ಟಿದ ಯಂತ್ರದ ಮುಖದ ಮೇಲೆ ಅದನ್ನು ಬರೆಯಲು ಸಂಕೋಚಪಟ್ಟರೆ, ಬರೆಯುವವರು ಇನ್ನಾರು? ನೆರೆಯ ಮರಾಠಿ ಗೆಳೆಯನು ಅದೇನೆಂದು ಕೇಳಿದರೆ ಓದಿ ಹೇಳೋಣ; ಅವನ ಗಂಟೆಗೆ ಅವನ ನುಡಿಯಲ್ಲಿ ಬರೆದುಕೊಳ್ಳಲು ನೆರವಾಗೋಣ.

ಆದುದರಿಂದ ಮುಂದಿನ ವಿಜ್ಞಾನ ಪ್ರದರ್ಶನದಲ್ಲಿ ನೂರು ಅಂಕಗಳಲ್ಲಿ ಇಪ್ಪತ್ತನ್ನು ಪೆಟ್ಟಿಗೆಗೂ ಅದರ ಮೇಲಿನ ಬರವಣಿಗೆಗೂ ಮೀಸಲಿಡಬೇಕೆಂದು ಗುರುಗಳಲ್ಲಿ ಬಿನ್ನವಿಸುತ್ತೇವೆ. ಕಿರಿಯ ಗೆಳೆಯರಲ್ಲಿ ನಮ್ಮ ಕೋರಿಕೆ ಇನ್ನೂ ಸಣ್ಣದು. ಇಂದು ಸಂಜೆ ಅಡುಗೆಮನೆಯಲ್ಲಿ ಬರಿದಾದ ಡಬ್ಬಿಯೊಂದನ್ನು ತಾಯಿಯಿಂದ ಕೇಳಿ ಪಡೆಯಿರಿ. ಅದರಲ್ಲಿ ಏನನ್ನು ನೆಲೆಗೊಳಿಸಬಹುದೆಂದು ಅಳೆದು ನೋಡಿರಿ.